ಯುದ್ಧದ ಚಿತ್ರ ನೋಡುವುದು ಹೇಗೆ? ಮೊದಲು ಅದರಲ್ಲಿ ಏನಿಲ್ಲ ಅಂತ ಹುಡುಕಿ

ಪಿಕಾಸೊ ಅವರ ‘ಗೆರ್ನಿಕಾ’ವನ್ನು ನಾನು ಮೊದಲು ನೋಡಿದ್ದು ಒಂದು ಪುಸ್ತಕದಲ್ಲಿ. ಅಂಗೈ ಅಗಲ ಕೂಡ ಇರಲಿಲ್ಲ. ಒಂದು ಗೂಳಿ, ಒಂದು ಕುದುರೆ, ಮುರಿದ ಕೈಕಾಲು, ಬರೀ ಬೂದು ಬಣ್ಣ. ಏನೂ ಅನ್ನಿಸಲಿಲ್ಲ, ಪುಟ ತಿರುಗಿಸಿದೆ. ತುಂಬಾ ವರ್ಷ ಆದಮೇಲೆ ಚಿತ್ರಕಲೆ ಕಲಿತ ಗೆಳತಿಯೊಬ್ಬಳು ಅದೇ ಚಿತ್ರ ಮುಂದಿಟ್ಟು ಕೇಳಿದಳು: “ಇದು ವಿಮಾನದಿಂದ ಬಾಂಬ್ ಹಾಕಿದ ಊರಿನ ಚಿತ್ರ ಅಲ್ವಾ? ವಿಮಾನ ಎಲ್ಲಿದೆ ತೋರಿಸು ನೋಡೋಣ.” ಹುಡುಕಿದೆ. ಇಲ್ಲ. ಬಾಂಬೂ ಇಲ್ಲ. ಶತ್ರು ಒಬ್ಬನೂ ಇಲ್ಲ. ಹೀಗೆ ಇಲ್ಲದ್ದನ್ನು ಹುಡುಕುತ್ತಾ ಹೋದಾಗಲೇ ಆ ಚಿತ್ರ ನನಗೆ ಹತ್ತಿರ ಬಂದದ್ದು.

ಯುದ್ಧದ ಬಗ್ಗೆ ಬಂದ ಆಧುನಿಕ ಚಿತ್ರಗಳ ಮುಂದೆ ತುಂಬಾ ಜನ ಪೆಚ್ಚಾಗಿ ನಿಲ್ಲುತ್ತಾರೆ. “ಇದೇನು, ಮಕ್ಕಳು ಗೀಚಿದ ಹಾಗಿದೆ” ಅನ್ನುತ್ತಾರೆ. ಇಲ್ಲವೇ “ಅಬ್ಬಾ, ಭಯಂಕರ” ಅಂದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಎರಡೂ ಸಲ ಚಿತ್ರ ಕೈತಪ್ಪುತ್ತದೆ. ನನಗೆ ಕೆಲಸಕ್ಕೆ ಬಂದ ಒಂದು ದಾರಿ ಇದೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಕಲೆಯ ಇತಿಹಾಸ ಓದಿರಬೇಕು ಅಂತೇನಿಲ್ಲ. ಒಂದು ಕಾಗದ, ಒಂದು ಪೆನ್ಸಿಲ್, ಒಂದು ಚಿತ್ರಕ್ಕೆ ಇಪ್ಪತ್ತು ನಿಮಿಷ ಸಾಕು.

ಕಾಗದದ ಮಧ್ಯೆ ಒಂದು ಗೆರೆ ಎಳೆಯಿರಿ

ಎಡಕ್ಕೆ ‘ಇದೆ’, ಬಲಕ್ಕೆ ‘ಇಲ್ಲ’ ಅಂತ ಬರೆಯಿರಿ. ಚಿತ್ರದ ಪಕ್ಕದ ಲೇಬಲ್ ಈಗಲೇ ಓದಬೇಡಿ. ಓದಿದರೆ ಕಣ್ಣು ಲೇಬಲ್ ಹೇಳಿದ್ದನ್ನೇ ಹುಡುಕುತ್ತದೆ. ಮೊದಲ ಐದು ನಿಮಿಷ ಎಡಗಡೆ ತುಂಬಿಸಿ, ಕಂಡದ್ದನ್ನು ಕಂಡ ಹಾಗೆ. ‘ದುಃಖ’, ‘ಹಿಂಸೆ’ ಅಂತ ಬರೆಯಬೇಡಿ, ಅವು ಕಾಣುವ ವಸ್ತುಗಳಲ್ಲ. ‘ಹೆಂಗಸು, ತಲೆ ಹಿಂದಕ್ಕೆ ಬಾಗಿದೆ, ಮಡಿಲಲ್ಲಿ ಮಗು, ಮಗುವಿನ ಕತ್ತು ಜೋತು ಬಿದ್ದಿದೆ’ ಹೀಗೆ ಬರೆಯಿರಿ.

‘ಗೆರ್ನಿಕಾ’ದಲ್ಲೇ ಮಾಡಿ ನೋಡೋಣ. ಎಡಗಡೆಯಿಂದ ಶುರು: ಗೂಳಿ. ಅದರ ಕೆಳಗೆ ಸತ್ತ ಮಗು ಹಿಡಿದ ತಾಯಿ. ನೆಲದ ಮೇಲೆ ಬಿದ್ದ ಸೈನಿಕ, ಕೈಯಲ್ಲಿ ತುಂಡಾದ ಕತ್ತಿ, ಆ ಕತ್ತಿಯ ಪಕ್ಕ ಒಂದು ಸಣ್ಣ ಹೂವು. ನಡುವೆ ಕೂಗುತ್ತಿರುವ ಕುದುರೆ. ಮೇಲೆ ಒಂದು ವಿದ್ಯುತ್ ಬಲ್ಬು, ಸುತ್ತ ಕಣ್ಣಿನ ಆಕಾರ. ಕಿಟಕಿಯಿಂದ ದೀಪ ಹಿಡಿದು ಚಾಚಿದ ಕೈ. ಕಾಲೆಳೆದುಕೊಂಡು ಬರುತ್ತಿರುವ ಹೆಂಗಸು. ಬಲತುದಿಯಲ್ಲಿ ಉರಿಯುವ ಮನೆಯಲ್ಲಿ ಎರಡೂ ಕೈ ಮೇಲೆತ್ತಿದ ಇನ್ನೊಬ್ಬಳು. ಈಗ ಸ್ವಲ್ಪ ಹತ್ತಿರ ಹೋಗಿ. ತಾಯಿಯ ನಾಲಿಗೆ ನೋಡಿ, ಅದು ನಾಲಿಗೆಯ ಹಾಗಿಲ್ಲ, ಮೊಳೆಯ ಹಾಗಿದೆ. ಕುದುರೆಯ ನಾಲಿಗೆಯೂ ಹಾಗೇ, ಚೂಪು. ಕೂಗನ್ನು ಬಣ್ಣದಲ್ಲಿ ಕೇಳಿಸಲು ಆಗುವುದಿಲ್ಲ, ಆದರೆ ಚುಚ್ಚುವ ಹಾಗೆ ಮಾಡಬಹುದು. ಕುದುರೆಯ ಮೈಮೇಲೆ ಸಣ್ಣ ಸಣ್ಣ ಗೀಟುಗಳಿವೆ, ಸಾಲು ಸಾಲಾಗಿ. ದೂರದಿಂದ ನೋಡಿದರೆ ಪತ್ರಿಕೆಯ ಅಕ್ಷರಗಳ ಸಾಲು ಅನ್ನಿಸುತ್ತದೆ.

ಈಗ ಬಲಗಡೆ. ವಿಮಾನ ಇಲ್ಲ, ಬಾಂಬ್ ಇಲ್ಲ, ಬಾವುಟ ಇಲ್ಲ, ಊರಿನ ಗುರುತು ಇಲ್ಲ. ಕೆಂಪು ಬಣ್ಣ ಇಲ್ಲ, ಇಷ್ಟು ಸಾವಿರುವ ಚಿತ್ರದಲ್ಲಿ! ಇದು ಮನೆಯ ಒಳಗೋ ಬೀದಿಯೋ ಅಂತ ಹೇಳಲೂ ಆಗುವುದಿಲ್ಲ, ತಲೆಯ ಮೇಲೆ ಬಲ್ಬಿದೆ, ಪಕ್ಕದಲ್ಲೇ ಹೆಂಚಿನ ಛಾವಣಿ ಇದೆ.

ಲೇಬಲ್ ಓದುವ ಸಮಯ ಈಗ ಬಂತು. 1937ರ ಏಪ್ರಿಲ್ 26, ಸೋಮವಾರ, ಸ್ಪೇನಿನ ಬಾಸ್ಕ್ ಪ್ರದೇಶದ ಗೆರ್ನಿಕಾ ಎಂಬ ಪಟ್ಟಣ. ಸ್ಪೇನಿನ ಅಂತರ್ಯುದ್ಧದಲ್ಲಿ, ಗಣರಾಜ್ಯ ಸರ್ಕಾರದ ವಿರುದ್ಧ ಎದ್ದ ಸೇನಾಧಿಕಾರಿ ಫ್ರಾಂಕೊ ಪರ ನಿಂತ ಜರ್ಮನಿಯ ವಾಯುದಳ ಕಾಂಡೋರ್ ಲೀಜನ್ ಮತ್ತು ಇಟಲಿಯ ವಿಮಾನಗಳು ಆ ಪಟ್ಟಣದ ಮೇಲೆ ಬಾಂಬ್ ಸುರಿದವು. ಪಿಕಾಸೊ ಆಗ ಪ್ಯಾರಿಸ್‌ನಲ್ಲಿದ್ದರು. ಅವರು ಸುದ್ದಿ ಓದಿದ್ದು ಪತ್ರಿಕೆಯಲ್ಲಿ, ಕಪ್ಪು ಬಿಳುಪಿನಲ್ಲಿ. ಆ ಬೂದು ಬಣ್ಣ, ಕುದುರೆಯ ಮೈಮೇಲಿನ ಆ ಗೀಟುಗಳು ಎಲ್ಲಿಂದ ಬಂದಿರಬಹುದು ಅಂತ ಇನ್ನು ನೀವೇ ಯೋಚಿಸಬಹುದು. ವಿಮಾನ ಯಾಕಿಲ್ಲ? ಕೆಳಗೆ ನಿಂತವರಿಗೆ ಪೈಲಟ್‌ನ ಮುಖ ಕಾಣುವುದಿಲ್ಲ. ಅವರಿಗೆ ಸಾವು ಬರುವುದು ‘ಮೇಲಿನಿಂದ’, ಅಷ್ಟೇ. ಚಿತ್ರದಲ್ಲಿ ಎಷ್ಟು ಮುಖಗಳು ಮೇಲಕ್ಕೆ ತಿರುಗಿವೆ ಅಂತ ಎಣಿಸಿ. ಆ ಮುಖಗಳ ಮೇಲೆ ಇರುವುದು ಒಂದು ಬಲ್ಬು ಮಾತ್ರ. ಸ್ಪ್ಯಾನಿಷ್‌ನಲ್ಲಿ ಬಲ್ಬಿಗೆ ‘ಬೊಂಬಿಯಾ’, ಬಾಂಬಿಗೆ ‘ಬೊಂಬಾ’. ಇನ್ನು ಒಳಗೋ ಹೊರಗೋ ಗೊತ್ತಾಗದ ಆ ಜಾಗ. ಬಾಂಬ್ ಬಿದ್ದಮೇಲೆ ಮನೆಗೆ ಒಳಗು ಅಂತ ಒಂದು ಉಳಿದಿರುತ್ತಾ?

ಅಳಿಸಿದ್ದು ಏನು ಅಂತ ಗೊತ್ತಾದರೆ ಬಿಡಬೇಡಿ

‘ಇಲ್ಲ’ ಅನ್ನುವುದು ಬರೀ ನಮ್ಮ ಊಹೆ ಆಗಬಾರದು. ಕೆಲವು ಚಿತ್ರಗಳಿಗೆ ಕರಡುಗಳು ಉಳಿದಿರುತ್ತವೆ. ಸಿಕ್ಕಿದರೆ ತಪ್ಪದೇ ನೋಡಿ, ಯಾಕೆಂದರೆ ಚಿತ್ರಕಾರರು ಏನನ್ನು ಹಾಕಿ ಆಮೇಲೆ ತೆಗೆದರು ಅನ್ನುವುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

‘ಗೆರ್ನಿಕಾ’ ಬೆಳೆದ ರೀತಿಯನ್ನು ಡೋರಾ ಮಾರ್ ಎಂಬ ಕಲಾವಿದೆ ಹಂತಹಂತವಾಗಿ ಫೋಟೊ ತೆಗೆದಿದ್ದಾರೆ. ಮೊದಲ ಫೋಟೊದಲ್ಲಿ ನೆಲದ ಮೇಲೆ ಬಿದ್ದ ಸೈನಿಕನ ಒಂದು ಕೈ ನೆಟ್ಟಗೆ ಮೇಲೆದ್ದಿದೆ, ಮುಷ್ಟಿ ಬಿಗಿದಿದೆ. ಆ ಕಾಲದಲ್ಲಿ ಅದು ಗಣರಾಜ್ಯದ ಪರ ಹೋರಾಡುವವರ ಸೆಲ್ಯೂಟ್. ಮುಂದಿನ ಹಂತದಲ್ಲಿ ಆ ಮುಷ್ಟಿಯಲ್ಲಿ ಒಂದು ಹಿಡಿ ಹುಲ್ಲು ಬಂತು, ಹಿಂದೆ ದೊಡ್ಡ ಸೂರ್ಯ ಬಂತು. ಅಂದರೆ ಸೋತರೂ ಗೆಲ್ಲುತ್ತೇವೆ ಅನ್ನುವ ಚಿತ್ರ. ಅದಾದಮೇಲೆ ಪಿಕಾಸೊ ಆ ಕೈಯನ್ನು ಪೂರ್ತಿ ತೆಗೆದುಬಿಟ್ಟರು. ನಡುವೆ ಬಣ್ಣದ ಕಾಗದದ ತುಂಡುಗಳನ್ನು ಅಂಟಿಸಿ ನೋಡಿದರು, ಅದನ್ನೂ ಕಿತ್ತರು. ಈ ಚಿತ್ರವನ್ನು ಬರೆಸಿದ್ದು ಸ್ಪೇನಿನ ಗಣರಾಜ್ಯ ಸರ್ಕಾರ, 1937ರ ಪ್ಯಾರಿಸ್ ಮೇಳದ ತನ್ನ ಮಂಟಪಕ್ಕಾಗಿ. ಸರ್ಕಾರಕ್ಕೆ ಆ ಮುಷ್ಟಿ ಎಷ್ಟು ಬೇಕಾಗಿತ್ತು ಯೋಚಿಸಿ. ಆದರೂ ತೆಗೆದರು. ಉಳಿದದ್ದು ತುಂಡಾದ ಕತ್ತಿ ಮತ್ತು ಆ ಹೂವು, ಹುಡುಕದಿದ್ದರೆ ಕಣ್ಣಿಗೆ ಬೀಳದಷ್ಟು ತೆಳುವಾದದ್ದು. ಈ ಫೋಟೊಗಳನ್ನು ಸಾಲಾಗಿಟ್ಟು ನೋಡಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಒಬ್ಬ ಮನುಷ್ಯ ತನ್ನ ಕಡೆಯವರಿಗೇ ಒಂದು ಸುಲಭದ ಸಮಾಧಾನ ಕೊಡಲು ಹೊರಟು, ಆಗಲ್ಲ ಅಂತ ಕೈ ಹಿಂದೆ ತೆಗೆದದ್ದು ಅದರಲ್ಲಿ ಕಾಣುತ್ತದೆ.

ಅಂಚುಗಳನ್ನು ನೋಡಿ

ನಮ್ಮ ಕಣ್ಣು ತಾನಾಗಿ ಚಿತ್ರದ ನಡುವಿಗೆ ಹೋಗುತ್ತದೆ. ಯುದ್ಧದ ಚಿತ್ರಗಳಲ್ಲಿ ಅಂಚಿನಲ್ಲಿ ಜಾಸ್ತಿ ವಿಷಯ ಇರುತ್ತದೆ. ಇದನ್ನು ಕಲಿಯಲು ಸ್ಪೇನಿನ ಚಿತ್ರಕಾರ ಗೋಯಾ ಅವರಿಗಿಂತ ಒಳ್ಳೆಯ ಮೇಷ್ಟ್ರು ಇಲ್ಲ. ಇಪ್ಪತ್ತನೇ ಶತಮಾನದವರಲ್ಲ, ಆದರೆ ಈ ದಾರಿ ಶುರುವಾಗುವುದು ಅವರಿಂದಲೇ.

ನೆಪೋಲಿಯನ್‌ನ ಸೇನೆ ಸ್ಪೇನಿಗೆ ನುಗ್ಗಿದ ಮೇಲೆ, 1810ರಿಂದ 1820ರ ನಡುವೆ, ಗೋಯಾ ‘ಯುದ್ಧದ ವಿನಾಶಗಳು’ ಎಂಬ ಅಚ್ಚುಚಿತ್ರಗಳ ಸರಣಿ ಮಾಡಿದರು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಆಸಿಡ್‌ನಿಂದ ತಿನ್ನಿಸಿ, ಶಾಯಿ ತುಂಬಿ ಅಚ್ಚು ಹಾಕುವ ಕೆಲಸ. ಅವರು ಬದುಕಿರುವ ತನಕ ಇದು ಪ್ರಕಟವೇ ಆಗಲಿಲ್ಲ. ಅವರು ತೀರಿಕೊಂಡದ್ದು 1828ರಲ್ಲಿ, ಸರಣಿ ಹೊರಬಂದದ್ದು 1863ರಲ್ಲಿ. ಪ್ರತಿ ಚಿತ್ರದ ಕೆಳಗೆ ಒಂದು ಪುಟ್ಟ ಸಾಲು ಇದೆ. ಒಂದರ ಕೆಳಗೆ ‘ನಾನು ಇದನ್ನು ಕಂಡೆ’ ಅಂತ ಇದೆ. 26ನೆಯದರ ಕೆಳಗೆ ‘ಇದನ್ನು ನೋಡಲಾಗದು’ ಅಂತ. ಅದರಲ್ಲಿ ಒಂದು ಗುಂಪು ಜನ, ಗಂಡಸರು ಹೆಂಗಸರು, ಮಂಡಿಯೂರಿ ಬೇಡುತ್ತಿದ್ದಾರೆ, ಮುಖ ಮುಚ್ಚಿಕೊಂಡಿದ್ದಾರೆ. ಕೊಲ್ಲುವವರು ಯಾರು? ಬಲ ಅಂಚಿಗೆ ಹೋಗಿ. ಬಂದೂಕಿನ ತುದಿಗಳು, ಅವಕ್ಕೆ ಸಿಕ್ಕಿಸಿದ ಬಯೊನೆಟ್ ಕತ್ತಿಗಳು ಮಾತ್ರ ಚಿತ್ರದ ಒಳಗೆ ಚಾಚಿವೆ. ಹಿಡಿದ ಕೈ ಇಲ್ಲ, ಮುಖ ಇಲ್ಲ. ಹಿಡಿದವರು ನಾವು ನಿಂತ ಕಡೆ, ಚೌಕಟ್ಟಿನ ಹೊರಗೆ ಎಲ್ಲೋ ಇದ್ದಾರೆ.

1814ರ ಅವರ ದೊಡ್ಡ ಎಣ್ಣೆ ಬಣ್ಣದ ಚಿತ್ರ ‘1808ರ ಮೇ 3’ ಕೂಡ ಹೀಗೇ ನೋಡಿ. ಬಿಳಿ ಅಂಗಿ ತೊಟ್ಟವನು ಎರಡೂ ಕೈ ಚಾಚಿ ನಿಂತಿದ್ದಾನೆ, ಅವನ ಕಣ್ಣು, ಹುಬ್ಬು ಎಲ್ಲ ಕಾಣುತ್ತದೆ. ಗುರಿಯಿಟ್ಟ ಸೈನಿಕರು ನಮಗೆ ಬೆನ್ನು ಹಾಕಿದ್ದಾರೆ, ಒಬ್ಬನ ಮುಖವೂ ಇಲ್ಲ. ಸಾಯುವವನಿಗೆ ಮುಖ ಇದೆ, ಕೊಲ್ಲುವವರಿಗೆ ಬರೀ ಬೆನ್ನು.

ಜನರೇ ಇಲ್ಲದಿದ್ದರೆ

ಪಾಲ್ ನ್ಯಾಶ್ ಅವರ 1918ರ ಚಿತ್ರದಲ್ಲಿ ‘ಇಲ್ಲ’ ಕಾಲಂ ಒಂದೇ ಪದದಲ್ಲಿ ಮುಗಿಯುತ್ತದೆ: ಮನುಷ್ಯರು. ಸುಟ್ಟ ಮರದ ಮೋಟುಗಳು, ಗುಡ್ಡೆ ಗುಡ್ಡೆ ಮಣ್ಣು, ಕಂದುಗೆಂಪು ಮೋಡದ ಹಿಂದಿನಿಂದ ಏಳುವ ಬಿಳಿ ಸೂರ್ಯ. ಹೆಣ ಕೂಡ ಇಲ್ಲ. ಹೆಸರು ‘ನಾವು ಹೊಸ ಜಗತ್ತು ಕಟ್ಟುತ್ತಿದ್ದೇವೆ’. ಮೊದಲ ಮಹಾಯುದ್ಧದಲ್ಲಿ ನ್ಯಾಶ್ ಮೊದಲು ಸೈನಿಕರಾಗಿದ್ದರು, ಆಮೇಲೆ ಬ್ರಿಟಿಷ್ ಸರ್ಕಾರದ ಅಧಿಕೃತ ಯುದ್ಧ ಚಿತ್ರಕಾರರಾದರು. ಹೆಣ ತೋರಿಸಿದರೆ ಸೆನ್ಸಾರ್ ಹಿಡಿಯುತ್ತಿತ್ತು. ನೆವಿನ್ಸನ್ ಎಂಬ ಅವರ ಜೊತೆಗಾರ ಚಿತ್ರಕಾರರು ಮುಳ್ಳುತಂತಿಯ ಪಕ್ಕ ಕೆಸರಲ್ಲಿ ಬೋರಲು ಬಿದ್ದ ಇಬ್ಬರು ಬ್ರಿಟಿಷ್ ಸೈನಿಕರನ್ನು ಬರೆದಾಗ ಅದಕ್ಕೆ ಅಡ್ಡಿ ಬಂತು. ಅವರು ಅದರ ಮೇಲೆ ‘ಸೆನ್ಸಾರ್ ಆಗಿದೆ’ ಅಂತ ಬರೆದ ಕಂದು ಕಾಗದದ ಪಟ್ಟಿ ಅಂಟಿಸಿ 1918ರಲ್ಲಿ ಪ್ರದರ್ಶನಕ್ಕಿಟ್ಟರು. ಹಾಗಾಗಿ ‘ಇಲ್ಲ’ ಅನ್ನುವುದರಲ್ಲಿ ಎರಡು ಬಗೆ ಇದೆ. ಒಂದು ಚಿತ್ರಕಾರರು ಬೇಕಂತಲೇ ಬಿಟ್ಟದ್ದು, ಇನ್ನೊಂದು ಅವರಿಗೆ ತೋರಿಸಲು ಬಿಡದ್ದು. ಯಾವುದು ಯಾವುದು ಅಂತ ಕೇಳಿಕೊಳ್ಳಿ.

ಜರ್ಮನಿಯ ಕಲಾವಿದೆ ಕೇಥೆ ಕೊಲ್ವಿಟ್ಸ್ ಅವರ ‘ಯುದ್ಧ’ ಎಂಬ ಏಳು ಮರದಚ್ಚಿನ ಚಿತ್ರಗಳಲ್ಲಿ ರಣರಂಗವೇ ಇಲ್ಲ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನನ್ನ ಮಟ್ಟಿಗೆ ಈ ಏಳು ಹಾಳೆಗಳ ಮುಂದೆ ದೊಡ್ಡ ದೊಡ್ಡ ಕ್ಯಾನ್ವಾಸ್‌ಗಳೂ ಚಿಕ್ಕವು. 1914ರ ಅಕ್ಟೋಬರ್‌ನಲ್ಲಿ ಅವರ ಕಿರಿಯ ಮಗ ಪೀಟರ್ ಬೆಲ್ಜಿಯಂನಲ್ಲಿ ಸತ್ತ. ಹದಿನೆಂಟು ವರ್ಷ. ತಾನಾಗಿ ಸೇನೆಗೆ ಸೇರಿದವನು, ವಯಸ್ಸು ಸಾಲದ್ದಕ್ಕೆ ಅಪ್ಪನ ಒಪ್ಪಿಗೆ ಬೇಕಿತ್ತು, ಅಪ್ಪ ಒಪ್ಪಿರಲಿಲ್ಲ, ಒಪ್ಪಿಸಿದ್ದು ಅಮ್ಮ. ಆ ಅಮ್ಮ ಇವರೇ. ಅದನ್ನು ಚಿತ್ರ ಮಾಡಲು ಅವರಿಗೆ ವರ್ಷಗಟ್ಟಲೆ ಆಗಲಿಲ್ಲ. ಎಚ್ಚಿಂಗ್‌ನಲ್ಲಿ (ಆಸಿಡ್ ತಿನ್ನಿಸಿದ ತಗಡಿನ ಅಚ್ಚು), ಲಿಥೋದಲ್ಲಿ (ಕಲ್ಲಚ್ಚು) ಪ್ರಯತ್ನಿಸಿ ಬಿಟ್ಟರು. ಕೊನೆಗೆ ಮರ ಕೊರೆಯುವುದನ್ನು ಹಿಡಿದರು. 1920ರ ದಶಕದ ಆರಂಭದಲ್ಲಿ ಸರಣಿ ಮುಗಿಯಿತು.

ಮರದಚ್ಚಿನಲ್ಲಿ ಬೂದು ಬಣ್ಣ ಸುಲಭಕ್ಕೆ ಸಿಗುವುದಿಲ್ಲ. ಕೊರೆದ ಜಾಗ ಬಿಳಿ, ಬಿಟ್ಟ ಜಾಗ ಕಪ್ಪು. ‘ತಂದೆತಾಯಿ’ ಎಂಬ ಹಾಳೆ ನೋಡಿ. ಮಂಡಿಯೂರಿದ ಇಬ್ಬರು. ಎಲ್ಲಿ ಅವನು ಮುಗಿದು ಎಲ್ಲಿ ಅವಳು ಶುರು ಅಂತ ಕಾಣುವುದಿಲ್ಲ, ಎರಡು ಮೈ ಸೇರಿ ಒಂದೇ ಕಪ್ಪು ಗುಡ್ಡೆ. ಮುಖಗಳಿಲ್ಲ, ಅವು ಕೈಯಲ್ಲಿ, ಹೆಗಲಲ್ಲಿ ಹುದುಗಿಹೋಗಿವೆ. ಸರಣಿಯ ಮೊದಲ ಹಾಳೆ ‘ಬಲಿ’, ಅದರಲ್ಲಿ ಬೆತ್ತಲೆ ತಾಯಿಯೊಬ್ಬಳು ಎಳೆ ಮಗುವನ್ನು ಎರಡೂ ಕೈಯಲ್ಲಿ ಮುಂದಕ್ಕೆ ಚಾಚುತ್ತಾಳೆ, ಕಣ್ಣು ಮುಚ್ಚಿಕೊಂಡು. ಯಾರಿಗೆ ಕೊಡುತ್ತಿದ್ದಾಳೆ? ತೆಗೆದುಕೊಳ್ಳುವವರು ಚಿತ್ರದಲ್ಲಿಲ್ಲ. ಮಗನಿಗೆ ಒಪ್ಪಿಗೆ ಕೊಡಿಸಿದವರು ಮಾಡಿದ ಚಿತ್ರ ಇದು ಅಂತ ಗೊತ್ತಾದಮೇಲೆ ಆ ಚಾಚಿದ ಕೈಗಳನ್ನು ನೋಡುವುದು ತುಂಬಾ ಕಷ್ಟ. 1942ರಲ್ಲಿ ಅವರ ಮೊಮ್ಮಗನೂ ಯುದ್ಧದಲ್ಲಿ ಸತ್ತ. ಅವನ ಹೆಸರೂ ಪೀಟರ್.

ಎಲ್ಲವನ್ನೂ ತೋರಿಸುವವರೂ ಇದ್ದಾರೆ

ನನ್ನ ದಾರಿ ಸೋಲುವ ಜಾಗ ಯಾವುದು ಅಂತಲೂ ಹೇಳಬೇಕು. ಆಟೊ ಡಿಕ್ಸ್ ಮುಂದೆ ‘ಇಲ್ಲ’ ಕಾಲಂ ಖಾಲಿಯೇ ಉಳಿಯುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯಲ್ಲಿ ಮಷಿನ್‌ಗನ್ ಹಿಡಿದವರು, ಸೊಮ್ ಕಾಳಗ ಕಂಡವರು. 1924ರಲ್ಲಿ ಹೊರತಂದ ‘ಯುದ್ಧ’ ಸರಣಿಯಲ್ಲಿ 50 ಅಚ್ಚುಚಿತ್ರಗಳಿವೆ, ಹುಳ ಹತ್ತಿದ ತಲೆಬುರುಡೆ, ಕಂದಕದಲ್ಲಿ ಕೊಳೆತ ಕಾವಲುಗಾರ, ಗ್ಯಾಸ್ ಮುಖವಾಡ ಹಾಕಿ ನುಗ್ಗುವ ಸೈನಿಕರು. ಏನನ್ನೂ ಬಿಟ್ಟಿಲ್ಲ.

ಇಂಥ ಚಿತ್ರಗಳ ಮುಂದೆ ಪ್ರಶ್ನೆ ಬದಲಿಸಿ. ‘ಏನಿಲ್ಲ’ ಅನ್ನುವ ಬದಲು ‘ಯಾವುದರಿಂದ ಮಾಡಿದ್ದು, ಹೇಗೆ ಮಾಡಿದ್ದು’ ಅಂತ ಕೇಳಿ. ಡಿಕ್ಸ್ ತಗಡನ್ನು ಆಸಿಡ್‌ನಲ್ಲಿ ಜಾಸ್ತಿ ಹೊತ್ತು ಬಿಟ್ಟಿದ್ದು ಕೆಲವು ಹಾಳೆಗಳಲ್ಲಿ ಕಾಣುತ್ತದೆ, ಗೆರೆಗಳೇ ಕೊಳೆತ ಹಾಗೆ ತಿಂದುಹೋಗಿವೆ. ಕೊಳೆತದ್ದರ ಚಿತ್ರವನ್ನು ಕೊಳೆಸಿಯೇ ಮಾಡಿದ್ದಾರೆ. ಡ್ರೆಸ್ಡೆನ್‌ನಲ್ಲಿರುವ ಅವರ ದೊಡ್ಡ ‘ಯುದ್ಧ’ ಚಿತ್ರ (1929ರಿಂದ 32) ಚರ್ಚಿನ ಪೂಜಾಪೀಠದ ಹಾಗೆ ಮೂರು ಫಲಕದ್ದು, ಕೆಳಗೆ ಇನ್ನೊಂದು ಉದ್ದ ಫಲಕ. ಎಡಕ್ಕೆ ಮಂಜಿನಲ್ಲಿ ಹೊರಟ ಸೈನಿಕರು, ನಡುವೆ ಛಿದ್ರವಾದ ಕಂದಕ, ಬಲಕ್ಕೆ ಗಾಯಗೊಂಡವನನ್ನು ಎಳೆದು ತರುವವನು, ಅವನ ಮುಖ ಡಿಕ್ಸ್ ಅವರದ್ದೇ. ಕೆಳಗೆ ಮಲಗಿದವರು ನಿದ್ದೆ ಮಾಡುತ್ತಿದ್ದಾರೋ ಸತ್ತಿದ್ದಾರೋ ಗೊತ್ತಾಗುವುದಿಲ್ಲ. ಹಳೆಯ ಪೂಜಾಪೀಠದ ಚಿತ್ರಗಳಲ್ಲಿ ಕೊನೆಗೆ ಪುನರುತ್ಥಾನ ಬರುತ್ತದೆ. ಇಲ್ಲಿ ಬರುವುದಿಲ್ಲ. ನೋಡಿ, ಕೊನೆಗೂ ಒಂದು ‘ಇಲ್ಲ’ ಸಿಕ್ಕಿತು. 1933ರಲ್ಲಿ ನಾಜಿಗಳು ಅವರನ್ನು ಪ್ರೊಫೆಸರ್ ಕೆಲಸದಿಂದ ತೆಗೆದುಹಾಕಿದರು.

ಬಣ್ಣಕ್ಕೆ, ಬಟ್ಟೆಗೆ, ಕಾಗದಕ್ಕೆ ಏನು ಮಾಡಿದ್ದಾರೆ?

ಎರಡನೇ ಮಹಾಯುದ್ಧದ ನಂತರದ ಚಿತ್ರಗಳಿಗೆ ಈ ಪ್ರಶ್ನೆ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಅವುಗಳಲ್ಲಿ ಎಷ್ಟೋ ಸಲ ಮನುಷ್ಯನ ಆಕಾರವೇ ಇರುವುದಿಲ್ಲ, ಗಾಯ ಆಗಿರುವುದು ಕ್ಯಾನ್ವಾಸಿಗೇ.

ಅಮೆರಿಕದ ಲಿಯಾನ್ ಗೊಲಬ್ 1973ರಲ್ಲಿ ಮಾಡಿದ ‘ವಿಯೆಟ್ನಾಂ 2’ ಸುಮಾರು ಹನ್ನೊಂದೂವರೆ ಮೀಟರ್ ಉದ್ದ. ಚೌಕಟ್ಟಿಲ್ಲ, ಬಟ್ಟೆಯನ್ನು ಹಾಗೇ ಗೋಡೆಗೆ ತೂಗುಹಾಕುತ್ತಾರೆ. ಗೊಲಬ್ ಬಣ್ಣ ಹಚ್ಚಿ, ಆಮೇಲೆ ಮಾಂಸ ಕಡಿಯುವ ಕತ್ತಿಯಿಂದ ಕೆರೆಯುತ್ತಿದ್ದರು, ಬಟ್ಟೆಯ ನೇಯ್ಗೆ ಕಾಣುವ ತನಕ. ಒಂದು ಕಡೆ ಬಂದೂಕು ಹಿಡಿದ ಸೈನಿಕರು, ಇನ್ನೊಂದು ಕಡೆ ವಿಯೆಟ್ನಾಮಿನ ಜನ. ನಡುವೆ ದೊಡ್ಡ ಖಾಲಿ. ಆಮೇಲೆ ನೋಡಿ, ಬಟ್ಟೆಯಲ್ಲಿ ಅಲ್ಲಲ್ಲಿ ತುಂಡುಗಳೇ ಇಲ್ಲ, ಕತ್ತರಿಸಿ ತೆಗೆದಿದ್ದಾರೆ. ಆ ತೂತಿನಲ್ಲಿ ಕಾಣುವುದು ಹಿಂದಿನ ಗೋಡೆ.

ಸೋಮನಾಥ ಹೋರ್ 1943ರ ಬಂಗಾಳದ ಬರಗಾಲವನ್ನು ಯುವಕರಾಗಿದ್ದಾಗ ಕಣ್ಣಾರೆ ಕಂಡವರು. ಆ ಬರಗಾಲವೂ ಮಹಾಯುದ್ಧದ ನೆರಳಲ್ಲೇ ಬಂದದ್ದು. ಆಗ ಹಸಿದವರ ದೇಹಗಳನ್ನು ಬರೆದರು. 1970ರ ದಶಕದಲ್ಲಿ ‘ಗಾಯಗಳು’ ಸರಣಿಗೆ ಬಂದಾಗ ದೇಹವೂ ಹೋಯಿತು, ಬಣ್ಣವೂ ಹೋಯಿತು. ಜೇಡಿಮಣ್ಣಿನ ಹಲಗೆಯನ್ನು ಸೀಳಿ, ಚುಚ್ಚಿ, ಅದರಿಂದ ಅಚ್ಚು ತೆಗೆದು, ಆ ಅಚ್ಚಿಗೆ ಒದ್ದೆ ಕಾಗದದ ತಿರುಳನ್ನು ಒತ್ತಿ ಒಣಗಿಸಿದ ಹಾಳೆಗಳು ಇವು. ಬಿಳಿಯ ಮೇಲೆ ಬಿಳಿ. ಇದನ್ನು ಎದುರಿಗೆ ನಿಂತು ನೋಡಿದರೆ ಏನೂ ಕಾಣುವುದಿಲ್ಲ. ಪಕ್ಕಕ್ಕೆ ಎರಡು ಹೆಜ್ಜೆ ಸರಿಯಿರಿ, ಬೆಳಕು ಓರೆಯಾಗಿ ಬೀಳಲಿ, ಆಗ ಸೀಳು ಕಾಣುತ್ತದೆ, ಅಂಚು ಎದ್ದ ಚರ್ಮದ ಹಾಗೆ. ನೋಡುವವರೂ ಸ್ವಲ್ಪ ಮೈ ಬಗ್ಗಿಸಬೇಕು, ಅದಕ್ಕೇ ನನಗೆ ಅವು ಇಷ್ಟ.

ಗೆರ್ಹಾರ್ಡ್ ರಿಕ್ಟರ್ ಅವರ ‘ಬಿರ್ಕೆನೌ’ (2014) ನಾಲ್ಕು ದೊಡ್ಡ ಕ್ಯಾನ್ವಾಸ್. ಕಪ್ಪು, ಬೂದು, ನಡುನಡುವೆ ಕೆಂಪು ಹಸಿರು, ಎಲ್ಲ ಎಳೆದಾಡಿದ ಬಣ್ಣ. ಸುಮ್ನೆ ನೋಡಿದರೆ ಯಾವ ಯುದ್ಧವೂ ಇಲ್ಲ. ಆದರೆ ಕೆಳಗೆ ಏನಿದೆ ಗೊತ್ತಾ? 1944ರ ಆಗಸ್ಟ್‌ನಲ್ಲಿ ನಾಜಿಗಳ ಬಿರ್ಕೆನೌ ಸಾವಿನ ಕ್ಯಾಂಪಿನಲ್ಲಿ ಹೆಣ ಸುಡುವ ಕೆಲಸಕ್ಕೆ ದೂಡಲ್ಪಟ್ಟ ಕೈದಿಗಳು ಕದ್ದು ನಾಲ್ಕು ಫೋಟೊ ತೆಗೆದು ಹೊರಗೆ ಸಾಗಿಸಿದ್ದರು. ರಿಕ್ಟರ್ ಆ ನಾಲ್ಕನ್ನೂ ಕ್ಯಾನ್ವಾಸಿನ ಮೇಲೆ ಮೂಡಿಸಿ, ಆಮೇಲೆ ಪದರದ ಮೇಲೆ ಪದರ ಬಣ್ಣ ಎಳೆದು ಮುಚ್ಚಿದರು. ಕೆಲವರಿಗೆ ಇದು ತಪ್ಪಿಸಿಕೊಳ್ಳುವುದು ಅನ್ನಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಪ್ರಾಣ ಪಣಕ್ಕಿಟ್ಟು ತೆಗೆದ ಫೋಟೊಗಳು ಆಗಲೇ ಇವೆ. ಅವನ್ನು ಬಣ್ಣದಲ್ಲಿ ಇನ್ನೊಮ್ಮೆ ಬಿಡಿಸಿದರೆ ಅದು ನಕಲು ಆಗುತ್ತಿತ್ತು.

ಚೆನ್ನಾಗಿದೆ ಅನ್ನಿಸಿದರೆ?

ಅನ್ನಿಸುತ್ತದೆ, ನಾಚಿಕೆ ಬೇಡ. ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅವರ ‘ಗ್ಯಾಸ್ ದಾಳಿಗೆ ಸಿಕ್ಕವರು’ (1919) ಆರು ಮೀಟರಿಗಿಂತ ಉದ್ದದ ಚಿತ್ರ. ಕಣ್ಣಿಗೆ ಪಟ್ಟಿ ಕಟ್ಟಿದ ಸೈನಿಕರು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ನಡೆಯುತ್ತಾರೆ, ಹಿಂದೆ ಸಂಜೆಯ ಹೊನ್ನಿನ ಬೆಳಕು. ತುಂಬಾ ಚೆನ್ನಾಗಿದೆ. ಈಗ ಒಬ್ಬ ಸೈನಿಕನ ಕಾಲು ನೋಡಿ, ಸಣ್ಣ ಮೆಟ್ಟಿಲಿಗೆ ಮೊಣಕಾಲು ಎಷ್ಟೋ ಮೇಲೆ ಎತ್ತಿದ್ದಾನೆ. ಮೆಟ್ಟಿಲಿದೆ ಅಂತ ಯಾರೋ ಹೇಳಿದ್ದಾರೆ, ಎಷ್ಟು ಎತ್ತರ ಅಂತ ಅವನಿಗೆ ಕಾಣುವುದಿಲ್ಲ. ಆ ಕಾಲುಗಳ ನಡುವೆ, ದೂರದಲ್ಲಿ, ಬೇರೆ ಸೈನಿಕರು ಫುಟ್‌ಬಾಲ್ ಆಡುತ್ತಿದ್ದಾರೆ.

ಜಾನ್ ಫೋತ್ರಿಯೆ ಅವರ ‘ಒತ್ತೆಯಾಳುಗಳು’ ಇನ್ನೂ ಕಷ್ಟದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಪ್ಯಾರಿಸ್ ಹೊರವಲಯದ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ ಅಡಗಿದ್ದರು, ಹತ್ತಿರದ ಕಾಡಿನಲ್ಲಿ ಜರ್ಮನ್ನರು ಕೈದಿಗಳನ್ನು ಕೊಲ್ಲುವ ಸದ್ದು ಅವರಿಗೆ ಕೇಳುತ್ತಿತ್ತು. ಕಾಣಲಿಲ್ಲ, ಕೇಳಿಸಿತು. ಗಾರೆಯ ಹಾಗೆ ದಪ್ಪಕ್ಕೆ ಮೆತ್ತಿದ ಬಣ್ಣ, ಕಣ್ಣು ಮೂಗು ಅಳಿಸಿಹೋದ ತಲೆಗಳು, ಮೇಲೆ ತಿಳಿ ಗುಲಾಬಿ, ತಿಳಿ ಹಸಿರು. 1945ರಲ್ಲಿ ಪ್ರದರ್ಶನ ಆದಾಗಲೇ ಆ ಬಣ್ಣಗಳು ಇಷ್ಟು ಮುದ್ದಾಗಿರಬಹುದಾ ಅಂತ ಜನ ತಕರಾರು ತೆಗೆದರು. ನನಗೂ ಇಲ್ಲಿ ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ನೀವು ಆ ಗುಲಾಬಿಯನ್ನು ‘ಇದೆ’ ಕಡೆ ಬರೆದು, ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಬಿಡಿ.

ಯಾರ ಹೆಣ? ಎಷ್ಟು ವರ್ಷ ಆದಮೇಲೆ?

ಲೇಬಲ್‌ನಲ್ಲಿ ಎರಡು ಇಸವಿ ಹುಡುಕಿ: ಘಟನೆ ಆದದ್ದು, ಚಿತ್ರ ಬರೆದದ್ದು. ಪಿಕಾಸೊ ಐದೇ ದಿನಕ್ಕೆ, ಮೇ 1ಕ್ಕೆ ಶುರು ಮಾಡಿದರು. ಝೋರಾನ್ ಮೂಶಿಚ್ ನಾಜಿಗಳ ದಾಖೌ ಕ್ಯಾಂಪಿನಲ್ಲಿ ಕೈದಿಯಾಗಿದ್ದಾಗ ಕದ್ದು ಹೆಣಗಳ ರೇಖಾಚಿತ್ರ ಮಾಡಿದವರು, ಮತ್ತೆ ಆ ಹೆಣಗಳ ಕಡೆ ತಿರುಗಿದ್ದು 1970ರಲ್ಲಿ, ‘ನಾವು ಕೊನೆಯವರಲ್ಲ’ ಎಂಬ ಹೆಸರಿನಲ್ಲಿ. ಬೇಗ ಬರೆದದ್ದು ಕೂಗುತ್ತದೆ, ತಡವಾಗಿ ಬರೆದದ್ದರಲ್ಲಿ ಮರೆಯಲು ಸೋತ ವರ್ಷಗಳೂ ಸೇರಿರುತ್ತವೆ.

ಯಾರ ಹೆಣ ಅನ್ನುವುದಕ್ಕೆ ಇರಿ ಮತ್ತು ತೋಶಿ ಮಾರುಕಿ ದಂಪತಿಯ ‘ಹಿರೋಶಿಮಾ ಫಲಕಗಳು’ ನೋಡಲೇಬೇಕು. ಇರಿ ಅವರ ಊರೇ ಹಿರೋಶಿಮಾ ಕಡೆ, 1945ರ ಆಗಸ್ಟ್ 6ರ ಬಾಂಬಿನ ಕೆಲವೇ ದಿನಗಳಲ್ಲಿ ಇಬ್ಬರೂ ಅಲ್ಲಿದ್ದರು. 1950ರಿಂದ 1982ರ ತನಕ 15 ಫಲಕ, ಒಂದೊಂದೂ 1.8 ಮೀಟರ್ ಎತ್ತರ, 7.2 ಮೀಟರ್ ಉದ್ದ. ತೋಶಿ ಮೈಗಳನ್ನು ಒಂದೊಂದಾಗಿ ಬಿಡಿಸುವರು, ಇರಿ ಅದರ ಮೇಲೆ ಮಸಿ ಹರಿಸುವರು. ಮೊದಮೊದಲು ಜಪಾನಿನ ಜನರ ನೋವೇ ಇತ್ತು. 1970ರ ದಶಕದಲ್ಲಿ ಅವರು ಹಿರೋಶಿಮಾದಲ್ಲಿ ಸತ್ತ ಅಮೆರಿಕನ್ ಯುದ್ಧಕೈದಿಗಳನ್ನು ಬರೆದರು, ಹೆಣ ಎತ್ತುವವರೂ ಇಲ್ಲದೆ ಕಾಗೆಗಳಿಗೆ ಬಿಟ್ಟ ಕೊರಿಯನ್ನರನ್ನು ಬರೆದರು. ತಮ್ಮ ಹಳೆಯ ಫಲಕಗಳ ‘ಇಲ್ಲ’ ಕಾಲಂ ಅನ್ನು ತಾವೇ ಓದಿ, ಹೊಸ ಫಲಕದಲ್ಲಿ ತುಂಬಿದವರು ಇವರು. ಇಷ್ಟು ಪ್ರಾಮಾಣಿಕತೆ ನಾನು ಬೇರೆ ಕಡೆ ಕಂಡಿಲ್ಲ.

ಫೋನಿನಲ್ಲಿ ನೋಡುವವರಿಗೆ

ನಮ್ಮಲ್ಲಿ ಹೆಚ್ಚಿನವರು ನೋಡುವುದು ಸ್ಕ್ರೀನಿನಲ್ಲೇ, ನಾನೂ ಹಾಗೇ. ಅದರಲ್ಲಿ ಮೊದಲು ಸಾಯುವುದು ಅಳತೆ. ಅದಕ್ಕೆ ಒಂದು ಕೆಲಸ ಮಾಡಿ. ಚಿತ್ರದ ಅಳತೆ ಹುಡುಕಿ, ಟೇಪ್ ತೆಗೆದುಕೊಂಡು ಗೋಡೆಯ ಮೇಲೋ ನೆಲದ ಮೇಲೋ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ‘ಗೆರ್ನಿಕಾ’ 3.49 ಮೀಟರ್ ಎತ್ತರ, 7.77 ಮೀಟರ್ ಉದ್ದ. ನಾನು ಗುರುತು ಹಾಕಿದಾಗ ನನ್ನ ಮನೆಯ ಯಾವ ಗೋಡೆಯೂ ಸಾಲಲಿಲ್ಲ, ಹೊರಗೆ ನೆಲದ ಮೇಲೆ ಹಾಕಬೇಕಾಯಿತು. ಆ ಗೆರೆಯ ಒಳಗೆ ನಿಂತೆ. ಬಿದ್ದ ಸೈನಿಕನ ತಲೆ ನನ್ನ ತಲೆಗಿಂತ ದೊಡ್ಡದು ಅಂತ ಆಗ ಗೊತ್ತಾಯಿತು. ಕೊಲ್ವಿಟ್ಸ್ ಅವರ ಹಾಳೆಗಳನ್ನೂ ಹೀಗೇ ಅಳೆಯಿರಿ, ಅವು ಎರಡು ಕೈಯಲ್ಲಿ ಹಿಡಿಯುವಷ್ಟು ಇವೆ. ಹತ್ತಿರ ಹಿಡಿದು ನೋಡಲು ಮಾಡಿದ್ದು.

ಮ್ಯೂಸಿಯಂಗಳ ಸ್ವಂತ ವೆಬ್‌ಸೈಟಿನಲ್ಲೇ ಚಿತ್ರ ತೆರೆಯಿರಿ, ಝೂಮ್ ಚೆನ್ನಾಗಿರುತ್ತದೆ. ದಿನಕ್ಕೆ ಒಂದು ಸಾಕು, ಹೆಚ್ಚೆಂದರೆ ಎರಡು. ಹತ್ತು ನೋಡಿದರೆ ಹತ್ತನೆಯದಕ್ಕೆ ಮನಸ್ಸು ಮರಗಟ್ಟಿರುತ್ತದೆ, ಅದು ಸತ್ತವರಿಗೂ ಸರಿಯಲ್ಲ, ನಿಮಗೂ ಸರಿಯಲ್ಲ. ನೋಡಲು ಆಗದಿದ್ದರೆ ಮುಚ್ಚಿಡಿ, ನಾಳೆ ನೋಡಿ. ನೋಡಿದಮೇಲೆ ಎರಡು ಕಾಲಂ ಕೆಳಗೆ ಒಂದೇ ಸಾಲು ಬರೆಯಿರಿ, ‘ಮನ ಕಲಕಿತು’ ಅನ್ನುವುದು ಬಿಟ್ಟು ಬೇರೆ ಏನಾದರೂ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ, ಗೋಯಾ ಅವರ 26ನೇ ಹಾಳೆಯಿಂದ. ಚಿಕ್ಕದು, ಕಪ್ಪು ಬಿಳುಪು, ಫೋನಿನಲ್ಲೂ ಹಾಳಾಗುವುದಿಲ್ಲ. ಮೊದಲು ಬೇಡುತ್ತಿರುವವರ ಮುಖಗಳನ್ನು ಒಂದೊಂದಾಗಿ ನೋಡಿ. ಆಮೇಲೆ ನಿಧಾನಕ್ಕೆ ಬಲಕ್ಕೆ ಸರಿಸಿ, ಆ ಬಯೊನೆಟ್ ತುದಿಗಳು ಎಷ್ಟಿವೆ ಅಂತ ಎಣಿಸಿ.